ಗಂಜಿಯಕ್ಕ ಬೋಗಿ ಬದಲಿಸಿದ್ದು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಉದ್ದನೆಯ ಕೋಣೆ. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಗಂಜಿಯಕ್ಕ. ಡಾಕ್ಟರುಗಳ ಕೋಟಿಗೆ ಗಂಜಿ ಹಾಕುವ ಕೆಲಸ ಅವಳದು, ಆಡುವ ಮಾತೂ ಅಷ್ಟೇ ಬಿರುಸು. "ಗಂಜಿಯಕ್ಕ ನಕ್ಕರೆ ಇಸ್ತ್ರಿಯ ಮಡಿಕೆ ಕೆಟ್ಟೀತು" ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು.

ತನ್ನ ಅಕ್ಕನ ಮಗಳ ಮಾತು ಬಂದರೆ ಮಾತ್ರ ಆ ಬಿರುಸೆಲ್ಲ ಇಳಿದುಹೋಗುತ್ತಿತ್ತು. ಅಕ್ಕನ ಮಗಳು ಎನ್ನುವುದು ಲೋಕದ ಕಣ್ಣಿಗೆ. ಹೆತ್ತವಳು ಇವಳೇ. ಬಸುರಿಯಾಗಿದ್ದಾಗಲೇ ಗಂಡ ಹೇಳದೆ ಕೇಳದೆ ಹೊರಟುಹೋಗಿದ್ದ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೆಲಸಕ್ಕೆ ಅಲೆಯುತ್ತಿದ್ದಾಗ ಮಕ್ಕಳಿಲ್ಲದ ಅಕ್ಕ, "ನನ್ನ ಮಡಿಲಿಗೆ ಹಾಕು, ನಿನಗೂ ಒಂದು ದಾರಿಯಾಗುತ್ತೆ" ಎಂದಳು. ಹಾಕಿದಳು. ಅಂದಿನಿಂದ ಇವಳು ಚಿಕ್ಕಮ್ಮ. ಹುಡುಗಿಗೆ ಏನೂ ತಿಳಿಯಕೂಡದು ಎಂದು ಮಾತಾಗಿತ್ತು. ಅಕ್ಕನ ಮನೆಗೆ ಹೋದರೂ ಊಟ ಮುಗಿದ ಕೂಡಲೇ ಎದ್ದುಬಿಡುತ್ತಿದ್ದಳು. ಹೆಚ್ಚು ಹೊತ್ತು ಕೂತರೆ ಬಾಯಿ ಜಾರೀತೆಂಬ ಹೆದರಿಕೆ.

ಹುಡುಗಿಗೆ ಮದುವೆ ಗೊತ್ತಾಯಿತು. ಮದುವೆ ಗಂಡಿನ ಊರಲ್ಲಿ, ಒಂದು ರಾತ್ರಿ ರೈಲಿನಲ್ಲೇ ಮಲಗಿ ಹೋಗುವಷ್ಟು ದೂರ. ಅಕ್ಕ ಬಾಯಿತುಂಬ ಕರೆಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ಗಂಜಿಯಕ್ಕ ರಜೆಗಾಗಿ ಎರಡೆರಡು ಪಾಳಿ ದುಡಿದು, ಕೆಂಪೇರಿದ ಕಣ್ಣಲ್ಲೇ ಮಧ್ಯಾಹ್ನದ ಗಾಡಿ ಹತ್ತಿದಳು.

ಆ ಗಾಡಿ ಸಂಜೆ ಜಂಕ್ಷನ್ನಿನಲ್ಲಿ ಎರಡು ಪಾಲಾಗುತ್ತದೆ. ಮುಂದಿನ ಬೋಗಿಗಳು ಗಂಡಿನ ಊರಿಗೆ. ಹಿಂದಿನವು ಬೇರೆ ಎಂಜಿನ್ ಕಟ್ಟಿಕೊಂಡು ಸಮುದ್ರದ ಕಡೆಗೆ. ಮದುವೆಗೆ ಹೊರಟ ಹೆಣ್ಣಿನ ಕಡೆಯವರೆಲ್ಲ ಮುಂದಿನ ಬೋಗಿಯಲ್ಲಿದ್ದರು. ಗಂಜಿಯಕ್ಕನಿಗೆ ಸಿಕ್ಕಿದ್ದು ಮೇಲಿನ ಬರ್ತ್. ಮಂಡಿನೋವಿಗೆ ಹತ್ತಲಾರದೆ ಕಿಟಕಿಯ ಮೂಲೆಯಲ್ಲಿ ತೂಕಡಿಸುತ್ತಿದ್ದಳು. ಮದುವೆಯ ಹುಡುಗಿಯೇ ಬಂದು ಭುಜ ಮುಟ್ಟಿದಳು.

"ಚಿಕ್ಕಮ್ಮ, ಹಿಂದಿನ ಬೋಗಿ ಖಾಲಿ ಬಿದ್ದಿದೆ. ಅಲ್ಲಿ ಕೆಳಗೇ ಕಾಲು ಚಾಚಿ ಮಲಗಿ, ಬನ್ನಿ."

"ಜಂಕ್ಷನ್ ಬಂದುಬಿಟ್ರೆ?"

"ನಾನಿಲ್ವಾ? ಬಂದು ಎಬ್ಬಿಸ್ತೀನಿ."

ಚೀಲವನ್ನು ಹುಡುಗಿಯೇ ಹೊತ್ತಳು. ಬೋಗಿ ಬೋಗಿ ಸೇರುವ ಕಡೆ ನೆಲ ಅಲುಗಾಡುವಾಗ ಇವಳ ಕೈ ಹಿಡಿದು ದಾಟಿಸಿದಳು. ಹಾಸಿಗೆ ಹಾಸಿ, ಸುಕ್ಕು ತೀಡಿ, ತನ್ನ ಶಾಲನ್ನೇ ಹೊದಿಸಿದಳು. ಗಂಜಿಯಕ್ಕ ಆ ಕೈಯನ್ನು ಕೆನ್ನೆಗೊತ್ತಿಕೊಂಡಳು.

"ಕೈ ಯಾಕೆ ಇಷ್ಟು ತಣ್ಣಗಿದೆ?"

"ಮದುವೆ ಅಲ್ವಾ, ಹೆದರಿಕೆ" ಎಂದು ಹುಡುಗಿ ಮುಖ ತಿರುಗಿಸಿದಳು.

ಜೀವಮಾನದಲ್ಲೇ ಬಾರದಂಥ ನಿದ್ದೆ ಬಂತು. ಕಣ್ಣು ಬಿಟ್ಟಾಗ ಗಾಡಿ ಓಡುತ್ತಿತ್ತು, ಎದುರಿಗೆ ಯಾರೋ ಹೊಸ ಹೆಂಗಸು ಕೂತು ಹಣ್ಣು ಸುಲಿಯುತ್ತಿದ್ದಳು.

"ಮುಂದಿನ ಬೋಗಿಗಳಾ? ಅವು ಆಗಲೇ ಹೋದ್ವಲ್ಲ. ನಾನು ಹತ್ತಿದ್ದೇ ಜಂಕ್ಷನ್ನಲ್ಲಿ" ಎಂದಳು ಆಕೆ.

ಗಂಜಿಯಕ್ಕ ಗಾಬರಿಯಾಗಿ ಎದ್ದು ಕೂತಳು. ತನಗಾಗಿ ಅಲ್ಲ. ಗಡಿಬಿಡಿಯಲ್ಲಿ ಮರೆತಿದೆ ಮಗು, ಈಗ ಎಷ್ಟು ಒದ್ದಾಡುತ್ತಿದೆಯೋ ಎಂದು ಅಕ್ಕನಿಗೆ ಫೋನು ಹಚ್ಚಿದಳು.

"ಅಕ್ಕಾ, ಅವಳನ್ನ ಬೈಬೇಡ. ನಾನೇ ಮೈಮರೆತು ಮಲಗಿಬಿಟ್ಟೆ. ಮುಂದಿನ ಸ್ಟೇಷನ್ನಲ್ಲಿ ಇಳಿದು ಹೇಗಾದ್ರೂ ಬಂದು ಸೇರ್ಕೋತೀನಿ."

"ಬರಬೇಡ ಕಣೆ" ಎಂದಳು ಅಕ್ಕ. "ಹೀಗೆಲ್ಲ ಮಾಡಬೇಡ ಅಂದೆ, ಅವಳು ಕೇಳಲಿಲ್ಲ. ನಿಮ್ಮಿಬ್ಬರದೂ ಒಂದೇ ಅಚ್ಚಿನ ಮುಖ. ಗಂಡಿನ ಕಡೆಯವರು ಕೇಳದೆ ಬಿಡ್ತಾರಾ ಅಂತ ಅವಳಿಗೆ ದಿಗಿಲು."

"ಅವಳಿಗೆ ಗೊತ್ತಾ?"

"ಹೈಸ್ಕೂಲಲ್ಲಿದ್ದಾಗಲೇ ಗೊತ್ತಾಯ್ತು. ನಿನಗೆ ಹೇಳಬೇಡ ಅಂದಿದ್ಲು."

ಇಷ್ಟು ವರ್ಷ ನಾಲಿಗೆ ಕಚ್ಚಿಕೊಂಡು ಕೂತದ್ದು ಯಾರಿಗಾಗಿ ಎಂದು ಯೋಚಿಸುವಷ್ಟರಲ್ಲಿ ಫೋನು ಹುಡುಗಿಯ ಕೈಗೆ ಹೋಗಿತ್ತು.

"ಚಿಕ್ಕಮ್ಮ, ತಪ್ಪು ತಿಳ್ಕೋಬೇಡಿ. ಅಪ್ಪ ಯಾರು, ಎಲ್ಲಿ ಹೋದ ಅಂತ ಅವರು ಕೆದಕಿದ್ರೆ ನಾನೇನು ಹೇಳ್ಲಿ? ಎಲ್ಲ ಮುಗಿದ ಮೇಲೆ ನಾನೇ ಬಂದು ನೋಡ್ತೀನಿ."

"ಬರಬೇಡ ಅಂತ ಒಂದು ಮಾತು ಅಂದಿದ್ರೆ ನಾನು ಗಾಡಿ ಹತ್ತುತ್ತಲೇ ಇರಲಿಲ್ಲವಲ್ಲಮ್ಮ."

"ಹೇಳೋಕೆ ಬಾಯಿ ಬರಲಿಲ್ಲ."

"ಹಾಸಿಗೆ ಹಾಸೋಕೆ ಕೈ ಬಂತು" ಎಂದು ಗಂಜಿಯಕ್ಕ ಫೋನು ಇಟ್ಟಳು.

ಬೆಳಿಗ್ಗೆ ಕೊನೆಯ ಸ್ಟೇಷನ್ನಿನಲ್ಲಿ ಇಳಿದಳು. ಸಮುದ್ರ ನಡೆದುಹೋಗುವಷ್ಟು ಹತ್ತಿರವಿತ್ತಂತೆ, ಅವಳು ನೋಡಲಿಲ್ಲ. ವಾಪಸು ಗಾಡಿಗೆ ಕಾಯುತ್ತ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೇ ಕೂತಿದ್ದಳು. ಶಾಲನ್ನು ಅಲ್ಲೇ ಬಿಟ್ಟು ಬಂದಳು.

ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಬಂದವಳನ್ನು ಕಂಡು ಜೊತೆಯವರು ಮುತ್ತಿದರು. "ಮದುವೆ ಜೋರಾಯ್ತಾ, ಅಕ್ಕನ ಮಗಳದು?"

"ಅಕ್ಕನ ಮಗಳಲ್ಲ, ನನ್ನ ಮಗಳು. ನನ್ನನ್ನ ಬೇಡ ಅಂದ್ಲು."

ಒಬ್ಬಳು ತಮಾಷೆಯೆಂದು ನಕ್ಕಳು. ಇವಳ ಮುಖ ನೋಡಿ ಇಸ್ತ್ರಿಪೆಟ್ಟಿಗೆಯತ್ತ ಸರಿದಳು.

ಕೆಲವು ತಿಂಗಳಾದ ಮೇಲೆ ಹುಡುಗಿ ಬಂದದ್ದು ನಿಜ. ಗೇಟಿನವನು ಹೇಳಿಕಳಿಸಿದಾಗ ಗಂಜಿಯಕ್ಕ ಕೈ ಒರೆಸಿಕೊಂಡು ಅರ್ಧ ಮೆಟ್ಟಿಲು ಹತ್ತಿದಳು. ಹುಡುಗಿ ಬಟ್ಟೆಯ ಪೊಟ್ಟಣ ಹಿಡಿದು ನಿಂತಿದ್ದಳು, ಒಬ್ಬಳೇ. ಗಂಡ ಎಲ್ಲಿ ಎಂದು ಗೇಟಿನವನು ಕೇಳಿದ್ದಕ್ಕೆ, "ಅವರಿಗೆ ನಾನು ಇಲ್ಲಿಗೆ ಬಂದಿದ್ದು ಗೊತ್ತಿಲ್ಲ" ಎನ್ನುತ್ತಿದ್ದಳು. ಅದನ್ನು ಕೇಳಿದ ಗಂಜಿಯಕ್ಕ ಸದ್ದಿಲ್ಲದೆ ಕೆಳಗಿಳಿದು, "ಕೆಲಸದಲ್ಲಿದ್ದೀನಿ ಅಂತ ಹೇಳಿ" ಎಂದು ಜೊತೆಯವರಿಗೆ ಅಂದಳು.

ಹುಡುಗಿ ಮತ್ತೆ ಬರಲಿಲ್ಲ. ಪೊಟ್ಟಣ ಗೇಟಿನವನ ಹೆಂಡತಿಗೆ ಹೋಯಿತು. ಇವಳು ಕಾಯಲಿಲ್ಲ ಎಂದರೆ ಸುಳ್ಳಾದೀತು. ಕಾದಳು, ಬೈಯುತ್ತಲೇ ಕಾದಳು.