ಫೋಟೊಕ್ಕಾಗಿ ಬಡಿಸಿದ ತಾಟು

ಆ ತಾಟಿನ ಅನ್ನವನ್ನು ನಾನು ಉಣ್ಣಲಿಲ್ಲ. ಹೋಳಿಗೆಯನ್ನೂ ಉಣ್ಣಲಿಲ್ಲ. ಫೋಟೊ ತೆಗೆದಾದ ಮೇಲೆ ಎಲ್ಲವನ್ನೂ ಮತ್ತೆ ಪಾತ್ರೆಗೆ ಸುರಿದೆ. ಕಾವ್ಯಾ, ಸಮರ್ಥ, ನನ್ನ ಮೊಮ್ಮಕ್ಕಳೇ — ನಿಮ್ಮ ಆಯಿ ಇಷ್ಟು ದಿನ ಬಚ್ಚಿಟ್ಟದ್ದು ಇದು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮಗೆ ಗೊತ್ತು. ಬಬಲೇಶ್ವರದ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇವೆಯಲ್ಲ, ಅವುಗಳಲ್ಲಿ ಹೇಳುತ್ತೇನೆ.

ಸಮರ್ಥ, ನೀನು ಆಗ ಹಾಸ್ಟೆಲಿನಲ್ಲಿದ್ದೆ, ನಿನಗಾಗಿ ಮೊದಲಿನಿಂದ ಹೇಳಬೇಕು. ನಿನ್ನ ಅಕ್ಕ ಕಾಲೇಜಿನ ಪ್ರಾಜೆಕ್ಟಿಗೆಂದು ನನ್ನ ತೋಳಿಗೆ ಒಂದು ಬಿಳಿ ಗುಂಡಿ ಅಂಟಿಸಿದಳು. ಸೆನ್ಸರ್ ಅಂದಳು. ಅದರ ಎಳೆಯಂಥ ತುದಿ ಚರ್ಮದೊಳಗೆ ಕೂತು ಮೈಯ ಸಕ್ಕರೆಯನ್ನು ಅಳೆಯುತ್ತದೆ, ಫೋನಿನಲ್ಲಿ ಗೆರೆಯಾಗಿ ತೋರಿಸುತ್ತದೆ. ಉಣ್ಣುವ ಮೊದಲು ತಾಟಿನ ಫೋಟೊ ತೆಗೆಯಬೇಕು. ಯಾವ ತಾಟಿಗೆ ಗೆರೆ ಎಷ್ಟು ಏರಿತು ಎಂದು ಕಂಪ್ಯೂಟರು ನೋಡಿ ನೋಡಿ ಕಲಿಯುತ್ತದೆ. ಚೆನ್ನಾಗಿ ಕಲಿತ ಮೇಲೆ, ಸೆನ್ಸರ್ ಇಲ್ಲದವರಿಗೂ ಬರೀ ಫೋಟೊ ನೋಡಿ, ಇದನ್ನು ಉಂಡರೆ ನಿನ್ನ ಸಕ್ಕರೆ ಇಷ್ಟು ಏರುತ್ತದೆ ಎಂದು ಮುಂಚೆಯೇ ಹೇಳುತ್ತದೆ.

ಎಷ್ಟು ಹಿಗ್ಗಿದ್ದೆ ನಾನು! ಜೀವನವಿಡೀ ಮಂದಿಗೆ ಉಣಿಸಿದವಳು. ನನ್ನ ಹೊಟ್ಟೆಗೆ ಹೋದ ತುತ್ತು ಒಳಗೆ ಏನು ಮಾಡುತ್ತದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಈಗ ಅದು ಕಣ್ಣಿಗೇ ಕಾಣುತ್ತಿತ್ತು! ಒಂದು ಬಟ್ಟಲು ಸಿಹಿ ಚಹಾ ಕುಡಿದರೆ ಗೆರೆ ಮೇಕೆಮರಿ ಕೋಟೆಗೋಡೆ ಹತ್ತಿದ ಹಾಗೆ ಹತ್ತುತ್ತಿತ್ತು. ಅಥಣಿ ರಸ್ತೆಯ ತಿರುವಿನವರೆಗೆ ನಡೆದು ಬಂದರೆ ಮೆಲ್ಲಗೆ ಇಳಿಯುತ್ತಿತ್ತು.

"ಲೇ ಕಾವ್ಯಾ, ಓಡಿ ಬಾ! ಏರಾಕತ್ತೈತಿ!" ಎಂದು ಕೂಗುತ್ತಿದ್ದೆ.

"ಆಯಿ, ಕ್ರಿಕೆಟ್ ಸ್ಕೋರ್ ನೋಡಿದಂಗ ನೋಡಾಕತ್ತೀಯಲ್ಲ ಬೇ!" ಎಂದು ನೀನು ನಗುತ್ತಿದ್ದೆ, ಕಾವ್ಯಾ. ಉಣ್ಣದಿದ್ದರೂ ಕೆಲವೊಮ್ಮೆ ಏರುತ್ತದೆ, ಅಂಜಿಕೆಗೂ ಏರುತ್ತದೆ ಎಂದು ಹೇಳಿಕೊಟ್ಟವಳೂ ನೀನೇ.

ತೊಡಕಾದದ್ದು ತಾಟಿನದು. ನನಗೆ ತಾಟೇ ಇರಲಿಲ್ಲ.

ಅತ್ತೆಯ ಮನೆಯಲ್ಲಿ ನಾವು ಹೆಂಗಸರು ಕಡೆಗೆ, ಒಲೆಯ ಮುಂದೆ, ಪಾತ್ರೆಯ ಮುಚ್ಚಳದಲ್ಲೇ ಇಟ್ಟುಕೊಂಡು ಉಣ್ಣುತ್ತಿದ್ದೆವು. ನಿಮ್ಮ ಅಜ್ಜ ಹೋದ ಮೇಲೆ ನನಗೆ ಅದೇ ಕಾಯಂ ಆಯಿತು — ಒಣಗಿ ಗರಿಗರಿಯಾದ ಅರ್ಧ ಖಟಕ್ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. ಯಾರೂ ಹಾಗೆ ಉಣ್ಣು ಅಂದವರಲ್ಲ. "ಅತ್ತೀ, ಬರ್ರಿ, ಕೂಡೇ ಉಣ್ಣೂಣು" ಎಂದು ನಿಮ್ಮವ್ವ ರಜೆಯಿದ್ದಾಗಲೆಲ್ಲ ಕರೆದಿದ್ದಾಳೆ. ನಾನೇ ಆಮೇಲೆ, ಆಮೇಲೆ ಎನ್ನುತ್ತಿದ್ದೆ.

ಮೊದಲ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಫೋನನ್ನು ಆ ಮುಚ್ಚಳದ ಮೇಲೆ ಹಿಡಿದೆ. ಗಾಜಿನೊಳಗೆ ನನ್ನ ಅರ್ಧ ರೊಟ್ಟಿ ಕಂಡಿತು. ಕಾಲೇಜಿನವರು ಇದನ್ನು ನೋಡುತ್ತಾರೆ — ಬ್ಯಾಂಕಿನ ನೌಕರಿಯ ಸೊಸೆ ಅತ್ತೆಗೆ ಒಣರೊಟ್ಟಿ ಹಾಕುತ್ತಾಳೆ ಅಂದುಕೊಂಡರೆ? ನಿಮ್ಮ ಅಜ್ಜನ ದೊಡ್ಡ ತಾಟು ತೆಗೆದೆ. ಬಿಸಿ ಅನ್ನ, ಬೇಳೆಸಾರು, ಬದನೆಕಾಯಿ ಪಲ್ಯ, ಹಿಂದಿನ ದಿನದ ಹಬ್ಬದ ಹೋಳಿಗೆ, ಮೇಲೆ ತುಪ್ಪ. ಫೋಟೊ ತೆಗೆದೆ. ಎಲ್ಲವನ್ನೂ ತಿರುಗಿ ಸುರಿದು, ನನ್ನ ಮುಚ್ಚಳದ ಮುಂದೆ ಕೂತೆ.

ಇವತ್ತೊಂದೇ ದಿನ ಅಂದುಕೊಂಡಿದ್ದೆ. ಆದರೆ ಸಂಜೆ ನೀನು ಕುಣಿದಾಡಿದೆ, ಕಾವ್ಯಾ. "ಆಯಿ, ಎಷ್ಟ ಚಂದ ತಾಟ! ಇಷ್ಟೆಲ್ಲಾ ಉಂಡರೂ ಗೆರಿ ಏಳವಲ್ದು ನೋಡ! ನಿನ್ನ ಮೈ ಅನ್ನಕ್ಕ ಅಂಜೂದೇ ಇಲ್ಲ!" ಕಾಲೇಜಿನಲ್ಲೂ ನನ್ನ ಗೆರೆಯನ್ನು ದೊಡ್ಡ ಪರದೆಯ ಮೇಲೆ ತೋರಿಸಿದೆಯಂತೆ. ಮೂಲೆಯಲ್ಲಿ ಕೂತ ಮುದುಕಿಯನ್ನು ಅಷ್ಟು ಮಂದಿ ಬೆರಗಾಗಿ ನೋಡಿದರು... ಸೊಸೆಯ ಹೆಸರು ಉಳಿಸಲು ಮಾಡಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಿಜವಲ್ಲ. ಆ ಬೆರಗು ನನಗೆ ರುಚಿಸಿತು. ಮರುದಿನವೂ ದೊಡ್ಡ ತಾಟು ತೆಗೆದೆ. ಸೆನ್ಸರ್ ತೆಗೆಯುವವರೆಗೂ ತೆಗೆದೆ.

ಆಮೇಲೆ ನೀನು ಆ ಫೋಟೊ ನೋಡಿ ಸಕ್ಕರೆ ಹೇಳುವುದನ್ನು ಟಿಕೋಟಾದ ಗಂಗವ್ವನ ಫೋನಿಗೆ ಹಾಕಿಕೊಟ್ಟೆ. ನಿಮ್ಮ ಅಜ್ಜನ ತಂಗಿ, ಸಕ್ಕರೆ ಕಾಯಿಲೆಯಿಂದ ಹೋಳಿಗೆಯ ಮುಖ ನೋಡದೆ ವರ್ಷಗಳಾಗಿದ್ದವು. "ಇದು ಬರೇ ಪರೀಕ್ಷಾ, ಗುಳಿಗಿ ಬಿಡಬ್ಯಾಡ, ಡಾಕ್ಟರ್ ಹೇಳಿದ್ದನ್ನ ಕೇಳು" ಎಂದು ನೀನು ಹೇಳಿದ್ದು ನನ್ನ ಎದುರಿಗೇ. ಗುಳಿಗೆಯನ್ನು ಅವಳು ಬಿಡಲಿಲ್ಲ. ಆದರೆ ನಿನ್ನ ಪ್ರಾಜೆಕ್ಟಿನಲ್ಲಿ ವಯಸ್ಸಾದ ಹೆಂಗಸು ಅಂತ ಇದ್ದವಳು ನಾನೊಬ್ಬಳೇ; ಕಂಪ್ಯೂಟರು ಗಂಗವ್ವನ ಮೈಯನ್ನೂ ನನ್ನ ಮೈಯಂತೆಯೇ ಎಣಿಸಿತು.

ಬಬಲೇಶ್ವರದಲ್ಲಿ ನಮ್ಮವರ ಮನೆಯ ಕುಬಸ. ಬಸುರಿ ಹುಡುಗಿಗೆ ಉಡಿ ತುಂಬಿ ಎಲ್ಲರೂ ಪಂಕ್ತಿಗೆ ಕೂತೆವು. ಗಂಗವ್ವ ಎಲೆಯ ಮೇಲೆ ಫೋನು ಹಿಡಿದಳು. ಹಸಿರು ಬಂತು — ಉಣ್ಣಬಹುದು, ಸಕ್ಕರೆ ಏರದು ಎಂದು. ನನ್ನತ್ತ ತಿರುಗಿದಳು.

"ನೋಡ್ರಿ ವೈನಿ! ಡಾಕ್ಟರ್ ಬಿಡಿಸಿದ ಹೋಳಗಿ ನಿಮ್ಮ ಕಾವ್ಯಾನ ಫೋನು ತಿನ್ನಿಸಾಕತ್ತೈತಿ!"

ಸಾಲಿಗೆ ಸಾಲೇ ನಕ್ಕಿತು. ಅದು ಯಾರ ಹಸಿರು ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳು. ಒಂದು ಮಾತು — ಗಂಗವ್ವ, ನಿಲ್ಲು — ಅಷ್ಟೇ ಬೇಕಿತ್ತು. ತುಪ್ಪದ ಗಿಂಡಿ ನನ್ನ ಕೈಗೆ ಬಂದಿತ್ತು. ಅವಳ ಹೋಳಿಗೆಗೆ ತುಪ್ಪ ಹಾಕಿದೆ.

ಅವಳು ಮನೆಯಲ್ಲೂ ಹಾಗೇ ಉಂಡಳು, ತಿಂಗಳುಗಟ್ಟಲೆ. ದ್ರಾಕ್ಷಿ ತೋಟದ ತಂತಿ ಕಾಲಿಗೆ ತಾಗಿ ಆದ ಸಣ್ಣ ಗಾಯ ಮಾಯಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ಮಿತಿಮೀರಿ ಏರಿತ್ತು. ಹೆಬ್ಬೆರಳನ್ನು ತೆಗೆದರು.

ಅವತ್ತು ನೀನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತೆ. "ತಪ್ಪು ನಂದ, ಆಯಿ. ನನ್ನ ಲೆಕ್ಕ ತಪ್ಪಿತ್ತು."

ನಾನು ಏನಂದೆ, ನೆನಪಿದೆಯೇ? "ಚಾ ಕುಡಿ" ಅಂದೆ.

ನೀನು ಆ ಕೆಲಸವನ್ನು ಮುಚ್ಚಿಟ್ಟೆ. ಎರಡು ವರ್ಷ ಅದರ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೊನ್ನೆ ನೀನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿ ಬಂದೆ. ಮತ್ತೆ ಶುರುಮಾಡುತ್ತೀಯಂತೆ! ಈ ಸಲ ಡಾಕ್ಟರೂ ಜೊತೆಗೆ. ಸಿದ್ಧೇಶ್ವರ ಗುಡಿಯ ಓಣಿಯವರು, ಭೂತನಾಳದವರು, ಎಷ್ಟೊಂದು ಮಂದಿ ಗುಂಡಿ ಅಂಟಿಸಿಕೊಳ್ಳಲು ಒಪ್ಪಿದ್ದಾರೆ. ನನ್ನ ತೋಳಿಗೂ ಹೊಸದೊಂದನ್ನು ಅಂಟಿಸಿದೆ. ಸಣ್ಣ ಹುಡುಗಿಯ ಹಾಗೆ ಹಿಗ್ಗಿದೆ. ಆಗ ನೀನಂದೆ: "ನಿನ್ನ ಹಳೇ ಫೋಟೊ ಎಲ್ಲಾ ಹಂಗ ಅದಾವ ಆಯಿ. ಅವೇ ಬುನಾದಿ."

ಬೇಡ, ಮಗಳೇ. ಅವನ್ನು ಒಂದನ್ನೂ ಉಳಿಸಬೇಡ. ನಿನ್ನ ಲೆಕ್ಕ ತಪ್ಪಿರಲಿಲ್ಲ. ನಾನು ಕಂಪ್ಯೂಟರಿಗೆ ಸುಳ್ಳು ಕಲಿಸಿದೆ, ಅದು ಕಲಿಸಿದ್ದನ್ನೇ ಕಲಿಯಿತು.

ನಾಳೆ ಬೆಳಗಿನ ಬಸ್ಸಿಗೆ ಟಿಕೋಟಾಕ್ಕೆ ಹೋಗುತ್ತೇನೆ. ಗಂಗವ್ವನಿಗೆ ಇದನ್ನು ಕಾಗದದಲ್ಲಿ ಹೇಳಲಾಗದು. ಅವಳ ಆ ಕಾಲಿನ ಮುಂದೆ ಕೂತು ಬಾಯಿಂದಲೇ ಹೇಳಬೇಕು. ಅವಳು ಬೈದರೆ ಬೈಸಿಕೊಳ್ಳುತ್ತೇನೆ, ಮಾತು ಬಿಟ್ಟರೆ ಅದನ್ನೂ. ಮಧ್ಯಾಹ್ನ ತಿರುಗಿ ಬಂದು ನಿಮ್ಮ ಜೊತೆಗೇ ಕೂರುತ್ತೇನೆ. ನನ್ನ ತಾಟಿನಲ್ಲಿ ಏನಿರುತ್ತದೋ ಅದರದೇ ಫೋಟೊ, ಅದರದೇ ಊಟ.

ಇದನ್ನು ಬರೆಯುತ್ತ ಫೋನು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಈಗಷ್ಟೇ ನೋಡಿದೆ, ಕಾವ್ಯಾ — ಗೆರೆ ಏರುತ್ತಿದೆ! ಈ ಹೊತ್ತಿಗೆ ಏನು ತಿಂದೆ ಆಯಿ ಎಂದು ನೀನು ಕೇಳುತ್ತೀ. ಏನೂ ತಿಂದಿಲ್ಲ. ಹಾಗೆಯೇ ಬರೆದುಕೊ.