ಮುರಿದ ಶಾಫ್ಟಿನ ಎರಡು ಬಣ್ಣ

ಮೊನ್ನೆ ಮಾನಂದವಾಡಿಗೆ ಹೊರಟಿದ್ದ ಬಸ್ಸು ವೆಳ್ಳಮುಂಡದ ಬಳಿ ಆಕ್ಸಲ್ ಮುರಿದು ನಿಂತಿತು. ಇಳಿದು ನೋಡಿದೆ. ಮುರಿದ ಕಬ್ಬಿಣದ ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕ ಹೊಳಪು. ನಮ್ಮ ಟೀ ಕಾರ್ಖಾನೆಯ ಎಂಜಿನಿಯರ್ ನೆನಪಾದ...

ಗಡಿಯಾಚೆಯ ಮೈಸೂರು ಕಡೆಯವನು. ನಮ್ಮ ಭಾಷೆಯವನು ಬಂದನೆಂದು ಮೊದಲು ಖುಷಿಪಟ್ಟಿದ್ದೆವು. ಅವನಿಗೋ ಕಾಡಿನವರಾದ ನಮ್ಮ ನೆರಳೂ ಆಗದು. ನನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲದ ಮೇಲೆ ಇಡಿಸಿ ಆಮೇಲೆ ಎತ್ತಿಕೊಳ್ಳುತ್ತಿದ್ದ. ಅವನು ಎದುರಾದರೆ ನಾನು ಬೇಕೆಂದೇ ಆಚೆ ತಿರುಗಿ ಉಗುಳುತ್ತಿದ್ದೆ.

ನಕ್ಸಲೈಟರ ಹೆಸರು ಕೇಳಿದರೆ ಎಸ್ಟೇಟಿನವರು ಬೆವರುತ್ತಿದ್ದ ಕಾಲ. ಭೂಮಿ ಕೇಳಿದವನೆಲ್ಲ ಅವರಿಗೆ ನಕ್ಸಲನೇ. ಜಾಥಾದಲ್ಲಿ ನಾನೂ ಬಾವುಟ ಹಿಡಿದಿದ್ದೆ. ಕಾರ್ಖಾನೆಯಲ್ಲಿ ನನ್ನದು ಎಲೆ ಹೊಸೆಯುವ ಯಂತ್ರದ ಕೆಲಸ. ಮಳೆಗೆ ಮುಂಚೆ ಎಂಜಿನಿಯರ್ ಅದನ್ನು ತಿರುಗಿಸುವ ಶಾಫ್ಟ್ ತೋರಿಸಿ ಮ್ಯಾನೇಜರಿಗೆ ಹೇಳಿದ್ದನ್ನು ನಾನೇ ಕೇಳಿದ್ದೆ.

"ಭಾರ ಒಂದೇ ಸಮ ಇದ್ರೆ ಲೆಕ್ಕ ಸುಲಭ ಸಾರ್. ಇದು ತಿರುಚುತ್ತೆ, ಬಾಗುತ್ತೆ, ಕರೆಂಟ್ ಹೋದಾಗೆಲ್ಲ ಜಗ್ಗಿ ನಿಲ್ಲುತ್ತೆ. ಈ ಮಳೆಗಾಲ ದಾಟಲ್ಲ, ಬದಲಾಯ್ಸಿ."

ಮ್ಯಾನೇಜರ್ ಬದಲಾಯಿಸಲಿಲ್ಲ. ಸುರಿಯುವ ಮಳೆಯಲ್ಲಿ, ನನ್ನ ಪಾಳಿಯಲ್ಲೇ ಅದು ಮುರಿಯಿತು. ನಾನು ಗರಗಸದಿಂದ ಕೊಯ್ದೆನೆಂದು ಮ್ಯಾನೇಜರ್ ದೂರು ಕೊಟ್ಟ. ಪೊಲೀಸರು ನನ್ನನ್ನು ಕ್ಯಾಂಪಿಗೆ ಎಳೆದೊಯ್ದರು.

"ಸತ್ಯಮಾಯಿಟ್ಟು ನಾ ಮುರ್ದಿಲ್ಲೆ ಸಾರೇ," ಎಂದು ಆಣೆಯಿಟ್ಟು ಕೂಗಿದೆ. ಹೊಡೆತಕ್ಕೆ ಎಡಗಿವಿ ಅಲ್ಲೇ ಕಿವುಡಾಯಿತು.

ಮಾರನೆಯ ದಿನ ಎಂಜಿನಿಯರ್ ಮುರಿದ ತುಂಡನ್ನು ಗೋಣಿಯಲ್ಲಿ ಹೊತ್ತು ತಂದು ಇನ್‌ಸ್ಪೆಕ್ಟರನ ಮೇಜಿನ ಮೇಲೆ ಕುಕ್ಕಿದ.

"ಇದು ಗರಗಸದ ಗಾಯ ಅಲ್ಲ. ಈ ಕಪ್ಪು ಪಕ್ಕ ನೋಡಿ, ತಿಂಗಳುಗಟ್ಟಲೆ ಒಳಗೊಳಗೇ ಸೀಳುತ್ತ ಬಂದಿದೆ. ಈ ಹೊಳೆಯುವ ಪಕ್ಕ ಮಾತ್ರ ಮೊನ್ನೆ ಮುರಿದದ್ದು."

"ನೀನೂ ಇವರ ಪಾರ್ಟಿಯಾ?" ಎಂದ ಇನ್‌ಸ್ಪೆಕ್ಟರ್.

"ಇವನ ಮುಖ ಕಂಡ್ರೆ ನಂಗಾಗಲ್ಲ. ಆದ್ರೆ ಇದು ಹೀಗೇ ಮುರಿಯುತ್ತೆ ಅಂತ ನಾನು ಮೊದಲೇ ಹೇಳಿದ್ದೆ."

ಬಿಟ್ಟರು. ಹೊರಗೆ ಬಂದು ಕೈ ಮುಗಿಯಹೋದೆ. "ಬೇಡ. ನಿನಗೋಸ್ಕರ ಬಂದದ್ದಲ್ಲ," ಎಂದು ಮುಂದೆ ನಡೆದುಬಿಟ್ಟ. ನನ್ನ ಮೈಯೆಲ್ಲ ಉರಿಯಿತು. ಪೊಲೀಸರ ಲಾಠಿಗಿಂತ ಆ ಮಾತು...

ಮ್ಯಾನೇಜರ್ ಅವನನ್ನು ಕೆಲಸದಿಂದ ತೆಗೆದ. ನನ್ನನ್ನೂ ಒಳಗೆ ಸೇರಿಸಲಿಲ್ಲ. ಮೆಷಿನ್ ಮುರಿದವನನ್ನು ತಾನೇ ಕರುಣೆಯಿಂದ ಬಿಡಿಸಿದೆನೆಂದು ಎಸ್ಟೇಟಿನಲ್ಲೆಲ್ಲ ಸಾರಿದ. ಎಂಜಿನಿಯರ್ ತನ್ನ ಟ್ರಂಕನ್ನು ತಾನೇ ಹೊತ್ತು ಬಸ್ಸು ಹತ್ತಿದ. ನಾನು ನೋಡುತ್ತ ನಿಂತಿದ್ದೆ. ಇಂದಾಗಿದ್ದರೂ ಹಾಗೆಯೇ ನಿಂತಿರುತ್ತಿದ್ದೆ.

ಅವನು ತೀರಿಕೊಂಡನೆಂದು ಈಚೆಗೆ ಮೈಸೂರಿನಿಂದ ಬಂದವರೊಬ್ಬರು ಹೇಳಿದರು. ಅಳು ಬರಲಿಲ್ಲ. ಕೇರಿಯ ಮಕ್ಕಳು ಇಂದಿಗೂ ನನ್ನನ್ನು ಮೆಷಿನ್ ಮುರಿದ ಅಜ್ಜ ಎನ್ನುತ್ತಾರೆ, ಕೆಲವರು ಹೆಮ್ಮೆಯಿಂದಲೇ. ಅದು ಸುಳ್ಳೆಂದು ಬಲ್ಲವನು ಅವನೊಬ್ಬನಿದ್ದ. ಹಾಳಾದವನು, ಅವನೂ ಹೋದ.