ಡಿಸ್ಕಿನೊಳಗೆ ನಮ್ಮತ್ತೆ

ಮೊನ್ನೆ ಎಟಿಎಂನಲ್ಲಿ ದುಡ್ಡು ತೆಗೆಯುವಾಗ ಒಳಗಿನಿಂದ ಒಂದು ಹೆಣ್ಣುದನಿ, "ದಯವಿಟ್ಟು ನಿರೀಕ್ಷಿಸಿ" ಎಂದಿತು. ನನಗೆ ನಗು ಬಂದುಬಿಟ್ಟಿತು. ಹಿಂದೆ ನಿಂತಿದ್ದವರು ಒಂಥರಾ ನೋಡಿದರು. ಅವರಿಗೆ ಹೇಳುತ್ತಾ ನಿಂತರೆ ಸಾಲು ಬೆಳೆಯುತ್ತದೆ. ನಿಮಗಾದರೆ ನಿಧಾನವಾಗಿ ಹೇಳಬಹುದು.

ತೊಂಬತ್ತರ ದಶಕದ ಕೊನೆ. ತೆರಕಣಾಂಬಿಗೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಚಾಮರಾಜನಗರದ ಕಂಪ್ಯೂಟರ್ ಸೆಂಟರೊಂದರಲ್ಲಿ ಕೆಲಸ. ಸೆಂಟರ್ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಟೈಲರ್ ಅಂಗಡಿಯ ಮೇಲೊಂದು ಕೋಣೆ, ಹೂವಿನ ಬಟ್ಟೆ ಹೊದ್ದ ಮೂರು ಕಂಪ್ಯೂಟರು, ಬಾಗಿಲಾಚೆ ಬಿಟ್ಟ ಚಪ್ಪಲಿಗಳು. ಧೂಳಿಗೆ ನಾವು ದೆವ್ವಕ್ಕಿಂತ ಹೆಚ್ಚು ಹೆದರುತ್ತಿದ್ದೆವು.

ನಾನು ಕೆಲಸಕ್ಕೆ ಹೋಗುವುದಕ್ಕೆ ನನ್ನ ಗಂಡನ ಆಕ್ಷೇಪವಿರಲಿಲ್ಲ. ನಿಜ ಹೇಳಬೇಕೆಂದರೆ, ಅವರ ತಾಯಿಯ ಎದುರು ಅವರಿಗೆ ಯಾವ ಅಭಿಪ್ರಾಯವೂ ಇರುತ್ತಿರಲಿಲ್ಲ. ಅತ್ತೆಯದು ಹಿತ್ತಿಲಲ್ಲಿ ನಿಂತು ಕೂಗಿದರೆ ಹೊಲದಲ್ಲಿದ್ದವರು ತಲೆಯೆತ್ತುವಂಥ ದನಿ.

"ದಿನಾ ಬಸ್ಸತ್ತಿ ಓಗಿ ಗಾಜ್ ನೋಡ್ಕಂಡ್ ಕೂರಾಕೆ ಸಂಬ್ಳ ಬೇರೆ ಕೊಟ್ಟಾರಾ?" ಎನ್ನುತ್ತಿದ್ದರು. ಒಂದು ಸಂಜೆ ತೀರ್ಪೂ ಬಂತು: "ಈರುಳ್ಳಿ ಕೀಳಾ ಒತ್ಗೆ ಮನೇಲಿ ಕೈ ಸಾಲ್ದು. ಈ ತಿಂಗ್ಳಾದ್ಮೇಲೆ ಬುಟ್ಬುಡು ಕಣಮ್ಮಿ." ನಾನು ಮರುದಿನವೂ ಎಂದಿನಂತೆ ಬಸ್ಸು ಹತ್ತಿದೆ. ಉಹೂಂ ಅನ್ನುವ ಧೈರ್ಯ ಮಾತ್ರ ಇರಲಿಲ್ಲ.

ಅದೇ ತಿಂಗಳು ನನಗೊಂದು ಹೊಸ ಕೆಲಸ ಬಂತು. ನಮ್ಮ ಮಾಲೀಕರಾದ ಶಿವರಾಜು ಬೀಜ, ಗೊಬ್ಬರದ ಅಂಗಡಿಗಳಿಗೆಂದು ಒಂದು ಪ್ರೋಗ್ರಾಂ ಬರೆದಿದ್ದರು. ಅದನ್ನು ಮೊದಲು ಕೊಂಡವರು ಗುಂಡ್ಲುಪೇಟೆಯ ಮಾದಪ್ಪನವರು. ಅವರ ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ಶಿವರಾಜು ಫ್ಲಾಪಿಗಳ ಡಬ್ಬಿ ಹಿಡಿದು ಬಸ್ಸು ಹತ್ತಬೇಕು. ಕಡೆಗೊಮ್ಮೆ ಮಾದಪ್ಪನವರು ಫೋನಿನಲ್ಲಿ ಸಿಡುಕಿದರು: "ನೀವ್ ಬರಾಗಂಟ ಯಾಪಾರ ನಿಲ್ಸಕಾದದಾ? ಒಳಕ್ಕಾಕುದ್ರೆ ಅದೇ ಎದ್ದು, ಇಂಗ್ ಮಾಡು ಅಂಗ್ ಮಾಡು ಅಂತ ಏಳ್ಬೇಕು. ಇಲ್ದಿದ್ರೆ ನಿಮ್ದು ನೀವೇ ಮಡೀಕಳಿ."

ಅಂದರೆ ಫ್ಲಾಪಿಗಳ ಬದಲು ಒಂದು ಸಿ.ಡಿ., ಅದನ್ನು ಹಾಕಿದೊಡನೆ ತಾನಾಗಿ ತೆರೆದುಕೊಳ್ಳುವ ಮೆನು ಬೇಕು; ಅದನ್ನು ಮಾಡುವುದು ನನ್ನ ಪಾಲಿಗೆ ಬಂತು. ಡಿಸ್ಕಿನಲ್ಲಿ 'ಆಟೋರನ್' ಎಂಬ ಪುಟ್ಟ ಫೈಲ್ ಇದ್ದರೆ ಕಂಪ್ಯೂಟರ್ ಮೊದಲು ಅದನ್ನು ಓದಿ, ಅದು ಹೇಳಿದ ಮೆನುವನ್ನು ತೆರೆಯುತ್ತದೆ. ಆಗ ಕನ್ನಡದ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲ. ಹಾಗಾಗಿ ಅಕ್ಷರಗಳನ್ನು ಮೌಸಿನಿಂದ ಚಿತ್ರದಂತೆ ಬರೆದೆ. ಒಂದರ ಕೆಳಗೊಂದು ಮೂರು ಗುಂಡಿಗಳು: 'ಹಾಕು', 'ನೋಡು', 'ಸಾಕು'. ಮೂಲೆಯಲ್ಲೊಂದು ಈರುಳ್ಳಿಯ ಚಿತ್ರ. ನೋಡಿದವರೆಲ್ಲ ಅದನ್ನು ಬಲ್ಬು ಎಂದರು.

ಇನ್ನು ದನಿ. ನನ್ನದನ್ನು ರೆಕಾರ್ಡ್ ಮಾಡಿ ಕೇಳಿದರೆ ಪರೀಕ್ಷೆಯಲ್ಲಿ ಉತ್ತರ ಮರೆತ ಹುಡುಗಿಯಂತಿತ್ತು. ಶಿವರಾಜು ಅವರದು ಸಾವಿನ ಸುದ್ದಿ ತಿಳಿಸುವಂತಿತ್ತು. ಕಣ್ಣು ತೋರಿಸಲು ಚಾಮರಾಜನಗರಕ್ಕೆ ಬಂದಿದ್ದ ಅತ್ತೆ, ನನ್ನ ಜೊತೆ ಊರಿಗೆ ಹೋಗಲು ಅಲ್ಲೇ ಬೆಂಚಿನ ಮೇಲೆ ಕಾಯುತ್ತಿದ್ದರು. ನಾನು ಐದಾರು ಸಲ ತೊದಲುವುದನ್ನು ಕೇಳಿ ಅವರಿಗೆ ತಡೆಯಲಾಗಲಿಲ್ಲ.

"ಅದೇನ್ ಪಿಸುಗುಟ್ಟಿಯಮ್ಮಿ? ಏನ್ ಏಳ್ಬೇಕು, ಇತ್ತ ಕೊಡು."

ಮೈಕು ಅವರ ಕೈಗೆ ಹೋಯಿತು. 'ದಯವಿಟ್ಟು ಮೊದಲ ಗುಂಡಿಯನ್ನು ಒತ್ತಿ, ನಂತರ ನಿರೀಕ್ಷಿಸಿ' ಎಂದು ನಾನು ಹೇಳಿಕೊಟ್ಟೆ. ಅವರು ಮೈಕನ್ನು ಹೊಲದಾಚೆಯ ಆಳು ಎಂದೇ ತಿಳಿದು ನುಡಿದರು: "ಮ್ಯಾಗಲ ಗುಂಡಿ ಒತ್ತಪ್ಪ. ಆಯ್ತದೆ, ವಸಿ ತಡಿ. ಸುಮ್ಸುಮ್ಕೆ ಮುಟ್ಬೇಡ!"

ಶಿವರಾಜು ತಲೆ ಕೆರೆದುಕೊಂಡರು. "ಮಾತು ಸ್ವಲ್ಪ ತಿದ್ದಿ ಇನ್ನೊಂದ್ಸಲ ಹೇಳ್ಸಮ್ಮ."

"ಬೇಡ ಸಾರ್, ಇದೇ ಇರ್ಲಿ" ಎಂದೆ. ಮಾಲೀಕರಿಗೆ ಎದುರಾಡಿದ್ದು ಅದೇ ಮೊದಲು. ಅತ್ತೆ ನನ್ನತ್ತ ತಿರುಗಿ ನೋಡಿದರು.

ಆ ಮಾತನ್ನು ಎರಡು ತುಂಡು ಮಾಡಿ, ಒಂದು ಮೆನು ತೆರೆದಾಗ, ಇನ್ನೊಂದು ಗುಂಡಿ ಒತ್ತಿದ ಮೇಲೆ ಕೇಳುವಂತೆ ಜೋಡಿಸಿದೆ. ಸಿ.ಡಿ. ಬರೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಶಿವರಾಜು ಮೈಸೂರಿನಲ್ಲಿ ಬರೆಸಿ, ನೇರವಾಗಿ ಗುಂಡ್ಲುಪೇಟೆಗೆ ಬಂದರು. ನಾನು ತೆರಕಣಾಂಬಿಯಿಂದ ಹೋದೆ. ಬೀಜ ಕೊಳ್ಳಬೇಕೆಂಬ ನೆಪ ಮಾಡಿ ಅತ್ತೆಯೂ ಹೊರಟರು, ಮದುವೆಗೆ ಉಡುವ ಸೀರೆ ಉಟ್ಟುಕೊಂಡು.

ಅಂಗಡಿ ತುಂಬ ರೈತರು. ಮಾದಪ್ಪನವರೇ ಡಿಸ್ಕ್ ಹಾಕಿದರು. ಡ್ರೈವು ಗೊರ್ರೆಂದಿತು, ಸುಮ್ಮನಾಯಿತು. ಪರದೆಯ ಮೇಲೆ ಏನೂ ಇಲ್ಲ. "ಎಲ್ಲಪ್ಪಾ, ಏಳನೇ ಇಲ್ಲ?" ಎಂದರು ಮಾದಪ್ಪ. ಶಿವರಾಜು ಮೌಸಿಗೆ ಕೈ ಹಾಕುವಷ್ಟರಲ್ಲಿ ಕರೆಂಟೂ ಹೋಯಿತು.

ವಾಪಸು ಬಸ್ಸಿನಲ್ಲಿ ಅತ್ತೆ ನನಗಿಂತ ಸಪ್ಪಗಿದ್ದರು. "ನನ್ ದನಿ ಎಲ್ಲಮ್ಮಿ ಓಯ್ತು?"

"ಒಳಗೇ ಇದೆ ಅತ್ತೆ. ಎಬ್ಬಿಸೋದ್ರಲ್ಲಿ ನಾನೇನೋ ತಪ್ಪು ಮಾಡಿದ್ದೀನಿ."

"ಅಂಗಾರೆ ಉಡುಕು. ಸರಿಯಾಗಗಂಟ ಬುಡ್ಬೇಡ."

ಹುಡುಕಿದೆ. ತಪ್ಪು ಎಷ್ಟು ಸಣ್ಣದೆಂದರೆ ಹೇಳಲು ನಾಚಿಕೆ. ಆಟೋರನ್ ಫೈಲನ್ನು ಉಳಿಸುವಾಗ ಕಂಪ್ಯೂಟರ್ ಅದರ ಹೆಸರಿನ ಹಿಂದೆ ಇನ್ನೊಂದು ಬಾಲ ಅಂಟಿಸಿತ್ತು. ಆ ಬಾಲ ಪರದೆಯ ಮೇಲೆ ಕಾಣುತ್ತಲೂ ಇರಲಿಲ್ಲ. ಹೆಸರು ಬೇರೆಯಾದ ಮೇಲೆ ಕರೆದರೆ ಓಗೊಡುವವರು ಯಾರು? ಬಾಲ ಕತ್ತರಿಸಿದೆ. ಶಿವರಾಜು ಗೊಣಗುತ್ತ ಮತ್ತೆ ಮೈಸೂರಿಗೆ ಹೋಗಿಬಂದರು.

ಎರಡನೆಯ ಸಲವೂ ಅತ್ತೆ ಅದೇ ಸೀರೆಯುಟ್ಟು ಅಂಗಡಿಗೆ ಬಂದರು. ಈ ಸಲ ಡ್ರೈವು ಗೊರ್ರೆಂದು ಸುಮ್ಮನಾಗಲಿಲ್ಲ. ನನ್ನ ಹಸಿರು ಮೆನು ಪರದೆಯ ಮೇಲೆ ಅರಳಿತು. ಹೆದ್ದಾರಿಯ ಲಾರಿಗಳ ಸದ್ದನ್ನೂ ಮೀರಿ, "ಮ್ಯಾಗಲ ಗುಂಡಿ ಒತ್ತಪ್ಪ!" ಎಂಬ ಕೂಗು ಕೇಳಿತು. ಗೊಬ್ಬರದ ಮೂಟೆ ಹೊರುತ್ತಿದ್ದವರೊಬ್ಬರು ಗಕ್ಕನೆ ನಿಂತರು. ಮಾದಪ್ಪನವರು ಒತ್ತಿದರು. ಪ್ರೋಗ್ರಾಂ ತುಂಬಿಕೊಳ್ಳುವುದು ತಡವಾಯಿತೆಂದು ಇನ್ನೇನೋ ಒತ್ತಲು ಹೊರಟಾಗ, "ಆಯ್ತದೆ, ವಸಿ ತಡಿ. ಸುಮ್ಸುಮ್ಕೆ ಮುಟ್ಬೇಡ!" ಎಂದು ಒಳಗಿನಿಂದ ಗದರಿಕೆ ಬಂತು.

ಅವರು ಬೆಂಕಿ ತಗುಲಿದವರಂತೆ ಕೈ ತೆಗೆದು, "ಆಯ್ತು ಕಣವ್ವ" ಎಂದರು, ಕಂಪ್ಯೂಟರಿಗೆ.

ಅಂಗಡಿಯೆಲ್ಲ ನಗು. ಅತ್ತೆ ಮಾತ್ರ ನಗಲಿಲ್ಲ. ಸೆರಗು ಸರಿಮಾಡಿಕೊಂಡು, ಹೇಳಬೇಕಾದ್ದನ್ನು ಹೇಳಿ ಮುಗಿಸಿದವರಂತೆ ನಿಂತಿದ್ದರು.

ತಿಂಗಳು ಮುಗಿಯಿತು. ಈರುಳ್ಳಿ ಕೀಳಲು ಅತ್ತೆ ಇನ್ನೊಬ್ಬ ಆಳನ್ನು ಗೊತ್ತುಮಾಡಿದರು. ಪಕ್ಕದ ಮನೆಯ ಗೌರಮ್ಮ, "ಸೊಸೆ ಕೆಲ್ಸ ಬುಟ್ಲಾ?" ಎಂದು ಕೇಳಿದ್ದೂ, ಅತ್ತೆ ಕೊಟ್ಟ ಉತ್ತರವೂ ಒಳಗಿದ್ದ ನನಗೆ ಕೇಳಿಸಿತು.

"ಬುಡಾದ್ಯಾಕೆ? ನಾವಿಬ್ರೂ ಅಲ್ಲೇ ಅಲ್ವಾ ಕೆಲ್ಸ ಮಾಡಾದು!"

ಇದಿಷ್ಟನ್ನೂ ಬರೆದು, ನಿಮಗೆ ಒಪ್ಪಿಸುವ ಮೊದಲು ಅವರಿಗೆ ಓದಿ ಹೇಳಿದೆ. ಈಗ ಅವರಿಗೆ ಕಣ್ಣು ಮಂಜು, ಕಿವಿ ಚುರುಕು. ಜಗುಲಿಯ ಮೇಲೆ ಕಾಲು ನೀಡಿ ಕೂತು ಪೂರ್ತಿ ಕೇಳಿದರು.

"ನನ್ ಮಾತ ತಿದ್ದಿಲ್ವಲ್ಲ?"

"ಇಲ್ಲ ಅತ್ತೆ."

"ಅಂಗಾರೆ ಇನ್ನೊಂದ್ಸಲ ಓದು. ವಸಿ ಜೋರಾಗ್ ಓದಮ್ಮಿ, ಬೀದಿಗೂ ಕೇಳ್ಲಿ."